ಐನ್‌ಮನೆಯ ಹಳೆಯ ಬೋಲ್ಟ್ ರೈಫಲನ್ನು ಮತ್ತೆ ಸಜ್ಜುಗೊಳಿಸುವ ಬಗೆ

ಸೇನೆಯ ಹಳೆಯ ಬೋಲ್ಟ್ ರೈಫಲನ್ನು, ಅಂದರೆ ಪ್ರತಿ ಗುಂಡಿಗೂ ಬೋಲ್ಟಿನ ಹಿಡಿಯನ್ನು ಕೈಯಿಂದ ಎಳೆದು ತಳ್ಳುವ ರೈಫಲನ್ನು, ಬೇಟೆಯ ರೈಫಲಾಗಿ ಮಾರ್ಪಡಿಸುವ ಕೆಲಸ ಎರಡು ಮಹಾಯುದ್ಧಗಳ ನಂತರ ಇಂಗ್ಲೆಂಡ್, ಕೆನಡಾ, ಅಮೆರಿಕಗಳಲ್ಲಿ ದೊಡ್ಡ ಹವ್ಯಾಸವಾಗಿ ಬೆಳೆಯಿತು. ಸೇನೆಗೆ ಬೇಡವಾದ ಲೀ-ಎನ್‌ಫೀಲ್ಡ್, ಮೌಸರ್, ಸ್ಪ್ರಿಂಗ್‌ಫೀಲ್ಡ್ ರೈಫಲುಗಳು ಅಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದುದರಿಂದ, ಕೊಂಡವರು ನಳಿಗೆಯ ಮೇಲಿನ ಮರದ ಹೊದಿಕೆಯನ್ನು ತೆಗೆದು, ಮುಂಭಾಗದ ಮರವನ್ನು ಅರ್ಧಕ್ಕೆ ಕತ್ತರಿಸಿ, ಲೀ-ಎನ್‌ಫೀಲ್ಡಾದರೆ ಹತ್ತು ಗುಂಡಿನ ಮ್ಯಾಗಜೀನಿನ ಜಾಗದಲ್ಲಿ ಐದರದ್ದನ್ನು ಹಾಕಿ, ಗುರಿ ನೋಡಲು ಹೊಸ ಗುರಿಕಟ್ಟು ಕೂರಿಸಿ ತಮ್ಮ ಮೈಗೆ ಒಪ್ಪುವ ಕೋವಿಯನ್ನು ಮಾಡಿಕೊಂಡರು. ಹಾಗೆ ಕತ್ತರಿಸಿದ ರೈಫಲುಗಳಿಗಿಂತ ಕತ್ತರಿಸದೆ ಉಳಿದವುಗಳಿಗೇ ಇಂದು ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಮರವನ್ನು ಒಮ್ಮೆ ಕತ್ತರಿಸಿದ ಮೇಲೆ, ಉಕ್ಕಿಗೆ ಒಮ್ಮೆ ತೂತು ಕೊರೆದ ಮೇಲೆ, ಹಿಂದಿನ ಸ್ಥಿತಿಗೆ ತರುವುದು ಸಾಧ್ಯವಿಲ್ಲದ ಮಾತು.

ಕೊಡಗಿನಲ್ಲಿ ಈ ಕೆಲಸವನ್ನು ಅದೇ ರೀತಿಯಲ್ಲಿ ಮಾಡಲು ಬರುವುದಿಲ್ಲ, ಮಾಡಬೇಕಾದ ಅಗತ್ಯವೂ ಇಲ್ಲ. ನಾವು ತ್ರೀ ನಾಟ್ ತ್ರೀ ಎಂದು ಕರೆಯುವ .303 ಲೀ-ಎನ್‌ಫೀಲ್ಡ್ ರೈಫಲು ನಮ್ಮ ದೇಶದಲ್ಲಿ ನಿಷೇಧಿತ ಬೋರಿನ, ಅಂದರೆ ನಿಷೇಧಿತ ನಳಿಗೆ ಅಳತೆಯ, ಪಟ್ಟಿಗೆ ಸೇರಿದೆ. ಆ ಅಳತೆಯ ಸೇನಾ ಕಾಡತೂಸನ್ನು ತುಂಬಿ ಹಾರಿಸಬಲ್ಲ ಬೇರೆ ಯಾವ ಬೋರಿನ ಬೋಲ್ಟ್ ರೈಫಲಿಗೂ ಅದೇ ನಿಷೇಧ ಅನ್ವಯಿಸುತ್ತದೆ. ಆದ್ದರಿಂದ ಜನಸಾಮಾನ್ಯರಿಗೆ ಬೇಕಾದ ಮಾರ್ಪಾಡನ್ನು ಕಾರ್ಖಾನೆಯೇ ಮಾಡಿಕೊಟ್ಟಿತು. ನಮ್ಮಲ್ಲಿ ಬಹಳ ಕಾಲದಿಂದ ಮಾರಾಟವಾಗುತ್ತ ಬಂದಿರುವ .315 ಸ್ಪೋರ್ಟಿಂಗ್ ರೈಫಲನ್ನು ಗಮನವಿಟ್ಟು ನೋಡಿದವರಿಗೆ ಅದರ ಬೋಲ್ಟು ಮತ್ತು ಬೋಲ್ಟು ಓಡಾಡುವ ಉಕ್ಕಿನ ಮೈಯಾದ ರಿಸೀವರು ಲೀ-ಎನ್‌ಫೀಲ್ಡಿನದ್ದೇ ಎಂಬುದು ತಿಳಿಯುತ್ತದೆ. ಅದು ಬಳಸುವ ಕಾಡತೂಸು ಮಾತ್ರ ಆಸ್ಟ್ರಿಯಾದ ಮ್ಯಾನ್‌ಲಿಕರ್ ರೈಫಲಿನಿಂದ ಬಂದ 8 ಮಿಲಿಮೀಟರಿನದು. ಅಂದರೆ ಪಶ್ಚಿಮದ ಹವ್ಯಾಸಿಗಳು ಗರಗಸ ಹಿಡಿದು ಮಾಡಿದ ಕೆಲಸವನ್ನು ಮುಗಿಸಿಕೊಂಡೇ ಈ ರೈಫಲು ಮನೆಗೆ ಬಂದಿದೆ. ನಮಗೆ ಉಳಿದಿರುವುದು ಅದನ್ನು ಮಳೆ, ತುಕ್ಕು ಮತ್ತು ಅಜ್ಜಂದಿರ ಕಾಲದ ತಪ್ಪು ಆರೈಕೆಗಳಿಂದ ಬಿಡಿಸಿ ಒಪ್ಪ ಮಾಡುವ ಕೆಲಸ. ಈ ಬರಹದಲ್ಲಿ ಹೇಳುವುದು ಮುಖ್ಯವಾಗಿ ಆ ರೈಫಲಿನ ಬಗ್ಗೆ. ಮರ ಮತ್ತು ತುಕ್ಕಿನ ವಿಚಾರಗಳು ಜೋಡಿ ನಳಿಗೆಯ ಕೋವಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ಮೊದಲು ಕಾಗದಪತ್ರ

ಕೊಡವ ಜನಾಂಗದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಹೊಂದಲು ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದು ಬಂದದ್ದು. ಕೇಂದ್ರ ಸರ್ಕಾರವು 2019ರ ಅಕ್ಟೋಬರಿನಲ್ಲಿ ಅದನ್ನು ಹತ್ತು ವರ್ಷಗಳ ಕಾಲ, ಅಂದರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ್ದ ಅರ್ಜಿಯ ಮೇಲೆ 2021ರಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿಯು ಕೋವಿಯನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದೇ ಹೊರತು ಅದನ್ನು ಬಿಚ್ಚಿ ಬೇರೆ ಕೋವಿಯಾಗಿ ಮಾಡುವುದಕ್ಕೆ ಕೊಟ್ಟ ಅನುಮತಿಯಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. 1959ರ ಆಯುಧ ಕಾಯಿದೆಯ 5ನೆಯ ಕಲಮಿನ ಪ್ರಕಾರ ಬಂದೂಕಿನ ತಯಾರಿಕೆ, ರಿಪೇರಿ, ಮಾರ್ಪಾಡು, ಪರೀಕ್ಷೆ ಇವೆಲ್ಲವೂ ಅದಕ್ಕೆಂದೇ ಲೈಸೆನ್ಸ್ ಪಡೆದವರ ಕೆಲಸ. 6ನೆಯ ಕಲಮು ಲೈಸೆನ್ಸ್ ಇಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದನ್ನೂ, 2019ರ ತಿದ್ದುಪಡಿಯ ನಂತರ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ ಸ್ಪಷ್ಟವಾಗಿ ತಡೆಯುತ್ತದೆ. ಊರಿನ ವೆಲ್ಡಿಂಗ್ ಶಾಪಿನವರು ಎಷ್ಟೇ ಕೈಚಳಕದವರಾಗಿದ್ದರೂ, ಎಷ್ಟೇ ಬೇಕಾದವರಾಗಿದ್ದರೂ, ಅವರ ಕೈಗೆ ರೈಫಲನ್ನು ಕೊಡಬಾರದು.

ಆದ್ದರಿಂದ ಕೆಲಸಕ್ಕೆ ಇಳಿಯುವ ಮೊದಲು ಆ ರೈಫಲು ವಿನಾಯಿತಿ ಪತ್ರದಲ್ಲಿ ದಾಖಲಾಗಿದೆಯೋ ಲೈಸೆನ್ಸಿನಲ್ಲಿ ದಾಖಲಾಗಿದೆಯೋ, ಯಾರ ಹೆಸರಿನಲ್ಲಿದೆ, ನಳಿಗೆಯ ಮೇಲಿನ ಸಂಖ್ಯೆಯೂ ಕಾಗದದ ಸಂಖ್ಯೆಯೂ ಒಂದೇ ಆಗಿವೆಯೋ ಎಂಬುದನ್ನು ನೋಡಿಕೊಳ್ಳಬೇಕು. ಐನ್‌ಮನೆಯ, ಅಂದರೆ ಕೊಡವ ಒಕ್ಕದ (ಕುಲದ) ಮೂಲಮನೆಯ, ಕೋವಿಗಳಲ್ಲಿ ಇದು ಬಹಳ ಕಡೆ ತೊಡಕಿನ ವಿಚಾರ; ದಾಖಲೆಯಲ್ಲಿ ತೀರಿಕೊಂಡ ಹಿರಿಯರ ಹೆಸರೇ ಉಳಿದಿದ್ದು, ಕೋವಿ ಮಾತ್ರ ಒಕ್ಕದ ಬೇರೆಯವರ ಮನೆಯಲ್ಲಿರುತ್ತದೆ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅದನ್ನು ಸರಿಪಡಿಸಿಕೊಂಡ ನಂತರವೇ ರಿಪೇರಿಯವರ ಬಳಿಗೆ ಹೋಗುವುದು ಒಳ್ಳೆಯದು, ಏಕೆಂದರೆ ನಿಯಮವನ್ನು ಪಾಲಿಸುವ ರಿಪೇರಿಯವರು ಕಾಗದವನ್ನು ನೋಡದೆ ಕೋವಿಯನ್ನು ಮುಟ್ಟುವುದಿಲ್ಲ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳಿಂದ ಹತ್ತು ಕಿಲೋಮೀಟರಿನ ಒಳಗೆ ವಾಸಿಸುವವರು ಇನ್ನೊಂದು ವಿಷಯವನ್ನೂ ಗಮನಿಸಬೇಕು. ವನ್ಯಜೀವಿ ಸಂರಕ್ಷಣಾ ಕಾಯಿದೆಯ 34ನೆಯ ಕಲಮು ಲೈಸೆನ್ಸ್ ಇರುವವರ ಜೊತೆಗೆ ವಿನಾಯಿತಿಯಡಿ ಕೋವಿ ಇಟ್ಟುಕೊಂಡವರೂ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂದು ಹೇಳುತ್ತದೆ. ಬೇಟೆಯ ಮಾತು 1972ರಲ್ಲಿ ಆ ಕಾಯಿದೆ ಬಂದಾಗಲೇ ಮುಗಿಯಿತು. ಇಲ್ಲಿ ಸಜ್ಜುಗೊಳಿಸುತ್ತಿರುವುದು ಕೈಲ್‌ಪೊಳ್ದ್ ಎಂಬ ಆಯುಧದ ಹಬ್ಬದ ಪೂಜೆಗೆ, ಸುಗ್ಗಿಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಹಾರಿಸುವ ಗುಂಡಿಗೆ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗೆ ಬರುವ ಕೋವಿಯನ್ನು.

ಕಾಲವನ್ನು ನೋಡಿ ಕೈಹಾಕುವುದು

ಮಡಿಕೇರಿಯ ಸುತ್ತ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವಾಗ ಕೋವಿಯ ಮರವೂ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಹಚ್ಚಿದ ಎಣ್ಣೆ ವಾರಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರಿನ ಮೊದಲ ದಿನಗಳಲ್ಲಿ, ನಾಟಿ ಮುಗಿದ ಬಳಿಕ. ಹಬ್ಬಕ್ಕೆ ಒಂದು ವಾರವಿದೆ ಎನ್ನುವಾಗ ಅಟ್ಟದಿಂದ ಕೋವಿಯನ್ನು ಇಳಿಸಿ ಉಜ್ಜಲು ಕೂರುವ ನಮ್ಮ ರೂಢಿ, ಈ ಕೆಲಸಕ್ಕೆ ವರ್ಷದಲ್ಲೇ ಅತ್ಯಂತ ಕೆಟ್ಟ ಸಮಯವನ್ನು ಆರಿಸಿಕೊಂಡಂತೆ. ಮರದ ಕೆಲಸವನ್ನು ಜನವರಿಯಿಂದ ಮಾರ್ಚಿನ ಒಳಗೆ ಮುಗಿಸಬೇಕು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಪುರುಸೊತ್ತು ಸಿಗದಿದ್ದರೆ ಮಾರ್ಚಿಗೆ ಇಟ್ಟುಕೊಳ್ಳಬಹುದು, ಏಪ್ರಿಲಿನ ಮಳೆಗೆ ಮುನ್ನ ಮುಗಿಯುವಂತೆ.

ಬಿಚ್ಚುವುದು

ಮೊದಲ ಕೆಲಸ ಕೋವಿ ಖಾಲಿಯಿದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಮ್ಯಾಗಜೀನನ್ನು ಕಳಚಿ, ಬೋಲ್ಟನ್ನು ಹಿಂದಕ್ಕೆ ಎಳೆದು, ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಕೋಣೆಯೊಳಗೆ ಕಣ್ಣಿಂದ ನೋಡಿ, ಕಿರುಬೆರಳನ್ನು ಹಾಕಿಯೂ ನೋಡಬೇಕು. ನಳಿಗೆಯ ಬಾಯಿ ಯಾವಾಗಲೂ ಯಾರೂ ಇಲ್ಲದ ಕಡೆಗಿರಬೇಕು. ಕೆಲಸ ಮಾಡುವ ಕಡೆ ಮಕ್ಕಳು ಇರಬಾರದು. ಕಾಡತೂಸುಗಳು ಮನೆಯ ಇನ್ನೊಂದು ಕೋಣೆಯಲ್ಲಿ ಬೀಗದೊಳಗಿರಬೇಕು. ವರ್ಷಗಟ್ಟಲೆ ಅಟ್ಟದಲ್ಲಿದ್ದ ಕೋವಿ ಖಾಲಿಯೇ ಇರುತ್ತದೆ ಎಂಬ ಊಹೆಯ ಮೇಲೆ ಯಾರೂ ಕೆಲಸ ಮಾಡಬಾರದು.

ಆಮೇಲೆ ಬೋಲ್ಟು. ಹಿಂದಕ್ಕೆ ಎಳೆದ ಬೋಲ್ಟಿನ ತಲೆಯನ್ನು ಬಲಗಡೆಯ ಅಂಚಿನಿಂದ ಮೇಲಕ್ಕೆ ಎತ್ತಿದರೆ ಅದು ಬಿಡುಗಡೆಯಾಗಿ ಹಿಂದಿನಿಂದ ಹೊರಬರುತ್ತದೆ. ಅದರ ಹಿಡಿಯ ಹಿಂದೆ ಕೆತ್ತಿದ ಸಂಖ್ಯೆ ರಿಸೀವರಿನ ಸಂಖ್ಯೆಗೆ ಹೊಂದಬೇಕು. ಹೊಂದದಿದ್ದರೆ ಎಂದೋ ಯಾರೋ ಬೇರೆ ಕೋವಿಯ ಬೋಲ್ಟನ್ನು ಹಾಕಿದ್ದಾರೆ ಎಂದು ತಿಳಿಯಬೇಕು. ಲೀ-ಎನ್‌ಫೀಲ್ಡಿನ ಬೋಲ್ಟು ಹಿಂಭಾಗದಲ್ಲಿ ಲಾಕ್ ಆಗುವಂಥದ್ದು, ಅದರ ತಲೆಯನ್ನು ತಿರುಪಿನಿಂದ ಕೂರಿಸಿರುತ್ತಾರೆ, ಪ್ರತಿಯೊಂದನ್ನೂ ಅದರದ್ದೇ ರಿಸೀವರಿಗೆ ಹೊಂದಿಸಿರುತ್ತಾರೆ. ಬೇರೆ ಬೋಲ್ಟಿದ್ದಲ್ಲಿ ಕಾಡತೂಸಿನ ಹಿಂದೆ ಇರಬೇಕಾದ ಬಿಗಿಯ ಅಳತೆ ತಪ್ಪಿ, ಹಾರಿಸುವಾಗ ಹಿತ್ತಾಳೆಯ ಕೋಶ ಸೀಳಿ ಬಿಸಿಗಾಳಿ ಮುಖಕ್ಕೆ ಬರುವ ಸಾಧ್ಯತೆಯಿದೆ. ಇಂಥ ರೈಫಲನ್ನು ಗೇಜಿನಿಂದ ಅಳೆದು ನೋಡುವ ತನಕ ಒಂದು ಗುಂಡನ್ನೂ ಹಾರಿಸಬಾರದು. ಗೇಜು ಇರುವುದು ಲೈಸೆನ್ಸ್ ಪಡೆದ ರಿಪೇರಿಯವರಲ್ಲಿ.

ಮರವನ್ನು ಕಳಚುವಾಗ ಈ ಮಾದರಿಯಲ್ಲಿ ಒಂದು ಬಲೆಯಿದೆ. ರೈಫಲಿನ ಮರ ಒಂದೇ ತುಂಡಲ್ಲ. ಭುಜಕ್ಕೆ ಆನಿಸುವ ಹಿಂಭಾಗದ ಮರ ಬೇರೆ, ನಳಿಗೆಯ ಕೆಳಗಿನ ಮುಂಭಾಗದ ಮರ ಬೇರೆ. ಹಿಂಭಾಗವನ್ನು ಒಳಗಿನಿಂದ ಹಾದುಹೋಗುವ ಉದ್ದನೆಯ ತಿರುಪು-ಬೋಲ್ಟು (ಮೇಲೆ ಹೇಳಿದ ಬೋಲ್ಟಲ್ಲ) ಬಿಗಿದಿರುತ್ತದೆ, ಮತ್ತು ಲೀ-ಎನ್‌ಫೀಲ್ಡಿನ ಹಳೆಯ ನಂಬರ್ ಒನ್ ಮಾದರಿಯಲ್ಲಿ ಆ ಬೋಲ್ಟಿನ ಚೌಕನೆಯ ತುದಿ ಮುಂಭಾಗದ ಮರದೊಳಗಿನ ಒಂದು ಲೋಹದ ಪಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಇದನ್ನು ತಿಳಿಯದೆ ಮೊದಲು ಹಿಂಭಾಗದ ಬೋಲ್ಟನ್ನು ತಿರುಗಿಸಿದರೆ ಮುಂಭಾಗದ ಮರ ಸೀಳಿಹೋಗುತ್ತದೆ. ಆದ್ದರಿಂದ ಯಾವಾಗಲೂ ಮುಂಭಾಗದ್ದೇ ಮೊದಲು. ಕುದುರೆಯ (ಟ್ರಿಗರಿನ) ಕೆಳಗಿನ ಗಾರ್ಡಿನ ತಿರುಪುಗಳನ್ನು ತೆಗೆದು, ಮುಂದಿನ ತುದಿಯಿಂದ ಆರಂಭಿಸಿ ಮರವನ್ನು ನೇರವಾಗಿ ಕೆಳಕ್ಕೆ, ಅಲುಗಿಸದೆ, ಬಿಡಿಸಿಕೊಳ್ಳಬೇಕು. ತಿರುಪಿನ ಸೀಳಿಗೆ ಸರಿಯಾಗಿ ತುಂಬುವ ಅಗಲದ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಅಂದಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸುವುದು ಲೇಸು. ಬಿಗಿದುಕೊಂಡ ತಿರುಪಿಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಹಾಕಿ ರಾತ್ರಿಯಿಡೀ ಬಿಡಬೇಕೇ ಹೊರತು ಸುತ್ತಿಗೆಯನ್ನು ತರಬಾರದು. ಪ್ರತಿ ಹಂತದಲ್ಲಿ ಮೊಬೈಲಿನಿಂದ ಒಂದು ಫೋಟೋ ತೆಗೆದಿಟ್ಟುಕೊಂಡರೆ ಜೋಡಿಸುವಾಗ ಉಪಯೋಗಕ್ಕೆ ಬರುತ್ತದೆ. ಬೋಲ್ಟಿನೊಳಗಿನ ಸ್ಪ್ರಿಂಗು, ಕುದುರೆಯ ಒಳಭಾಗ, ಇವೆರಡನ್ನು ಮನೆಯಲ್ಲಿ ಬಿಚ್ಚದಿರುವುದೇ ಒಳ್ಳೆಯದು.

ಮರ ಕಳಚಿದಾಗ ರಿಸೀವರಿನ ಗುರುತುಗಳನ್ನು ಓದಿ ಬರೆದಿಟ್ಟುಕೊಳ್ಳಬಹುದು. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆ ಮಾಡಿದ ಕೋವಿಯಾದರೆ ಸಾಮಾನ್ಯವಾಗಿ ಕಿರೀಟ ಮತ್ತು ಜಿ.ಆರ್.ಐ. ಅಕ್ಷರಗಳಿರುತ್ತವೆ, ನಂತರದ್ದಾದರೆ ಅಶೋಕ ಸ್ತಂಭದ ಸಿಂಹಗಳೂ ಆರ್.ಎಫ್.ಐ. ಎಂಬುದೂ ಇರುತ್ತವೆ. ಡಿ.ಪಿ. ಎಂಬ ಅಕ್ಷರಗಳಿದ್ದರೆ ಅದು ಕವಾಯತಿಗೆಂದು ಬೇರ್ಪಡಿಸಿದ, ಗುಂಡು ಹಾರಿಸಬಾರದ ಕೋವಿ. ಇಶಾಪುರದಲ್ಲಿ .303 ರೈಫಲಿನ ನಳಿಗೆಯನ್ನು ನಯವಾಗಿ ಕೊರೆದು ಪೊಲೀಸರಿಗೆಂದು ಮಾಡಿದ .410 ಮಸ್ಕೆಟುಗಳೂ ಹೊರನೋಟಕ್ಕೆ ಇದೇ ಕುಟುಂಬದವಾಗಿ ಕಾಣುತ್ತವೆ. ಕೈಯಲ್ಲಿರುವುದು ಯಾವುದು ಎಂಬುದನ್ನು ಗುರುತಿನಿಂದ ತಿಳಿಯಬೇಕು, ಆಕಾರದಿಂದಲ್ಲ.

ನಳಿಗೆ ಮತ್ತು ಉಕ್ಕು

ನಳಿಗೆಯ ಒಳಗಿನ ತುಕ್ಕಿಗೆ ಮಳೆಗಿಂತ ದೊಡ್ಡ ಕಾರಣ ಹಳೆಯ ಕಾಡತೂಸು. ಹಿಂದಿನ ಕಾಲದ ಕಾಡತೂಸುಗಳ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವಾಗಿ ನಳಿಗೆಯ ಗೀರುಗಳಲ್ಲಿ ಕೂರುತ್ತದೆ. ಅಡುಗೆಯ ಉಪ್ಪಿನಂತೆಯೇ ಈ ಲವಣವೂ ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಇದು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಹೀಗಾಗಿ ಹಬ್ಬದಂದು ಗುಂಡು ಹಾರಿಸಿ, ಶ್ರದ್ಧೆಯಿಂದ ಎಣ್ಣೆ ಎಳೆದು, ಬಟ್ಟೆಯಲ್ಲಿ ಸುತ್ತಿಟ್ಟ ಕೋವಿಯೂ ಮುಂದಿನ ವರ್ಷ ತೆಗೆದಾಗ ಒಳಗೆ ಹುಳುಕು ಬಿದ್ದಿರುತ್ತದೆ. ಎಣ್ಣೆ ಲವಣದ ಮೇಲೆ ಮುಚ್ಚಳವಾಗಿ ಕುಳಿತಿತ್ತೇ ಹೊರತು ಅದನ್ನು ತೆಗೆದಿರಲಿಲ್ಲ. ಬ್ರಿಟಿಷ್ ಸೇನೆಯವರು ಇದಕ್ಕೆ ಕುದಿಯುವ ನೀರನ್ನೇ ಬಳಸುತ್ತಿದ್ದರು, ನಾವೂ ಅದನ್ನೇ ಮಾಡಬೇಕು. ಮರವನ್ನೂ ಬೋಲ್ಟನ್ನೂ ತೆಗೆದ ನಳಿಗೆಯನ್ನು ಬಾಯಿ ಕೆಳಗಾಗಿ ಹಿಡಿದು, ಕಾಡತೂಸಿನ ಕೋಣೆಯ ಕಡೆಯಿಂದ ಆಲಿಕೆಯಿಟ್ಟು ಒಂದು ದೊಡ್ಡ ಪಾತ್ರೆಯಷ್ಟು ಕುದಿನೀರನ್ನು ಹರಿಯಬಿಡಬೇಕು. ಕೈಗೆ ದಪ್ಪ ಬಟ್ಟೆಯಿರಲಿ, ಉಕ್ಕು ಬಲುಬೇಗ ಕಾಯುತ್ತದೆ. ಹಾಗೆ ಕಾದ ನಳಿಗೆ ತನ್ನ ಬಿಸಿಗೆ ತಾನೇ ಒಣಗುತ್ತದೆ. ಬೋಲ್ಟಿನ ತಲೆಯ ಮುಖವನ್ನೂ ಬಿಸಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಒಣ ಬಟ್ಟೆಯನ್ನು ಎಳೆದು, ಕೊನೆಗೆ ತೆಳುವಾಗಿ ಕೋವಿಯ ಎಣ್ಣೆಯನ್ನು ಎಳೆಯಬೇಕು. ಯಾವ ಕಾಲದ್ದೆಂದು ತಿಳಿಯದ ಕಾಡತೂಸನ್ನು ಹಾರಿಸಿದ ದಿನವೇ ಇದನ್ನು ಮಾಡುವುದು ಕಡ್ಡಾಯವೆಂದು ಭಾವಿಸಿದರೆ ತಪ್ಪಾಗದು.

ತೊಳೆದ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಗೀರುಗಳು ಸ್ಪಷ್ಟವಾಗಿ ಸುತ್ತಿಕೊಂಡು ಹೋಗುವುದು ಕಾಣಬೇಕು. ಅಲ್ಲಲ್ಲಿ ಕಪ್ಪು ಚುಕ್ಕೆಗಳಿದ್ದರೆ ಅದು ಹಳೆಯ ತುಕ್ಕಿನ ಗುಳಿ. ಕೋವಿ ಅದರೊಂದಿಗೇ ಬಾಳಬಹುದು. ಆದರೆ ನಳಿಗೆಯ ಸುತ್ತ ಉಂಗುರದಂತೆ ಒಂದು ನೆರಳು ಕಂಡರೆ, ಎಂದೋ ಒಳಗೆ ಏನೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿ ನಳಿಗೆ ಉಬ್ಬಿದೆ ಎಂದರ್ಥ. ಅಂಥ ಕೋವಿಗೆ ಇನ್ನು ಐನ್‌ಮನೆಯ ಪೂಜಾಕೋಣೆಯಾದ ಕನ್ನಿಕೋಂಬರೆಯ ಪೂಜೆಯಷ್ಟೇ ಗತಿ, ಹಾರಿಸುವಂತಿಲ್ಲ.

ಹೊರಗಿನ ತುಕ್ಕಿಗೆ ಸೀಮೆಎಣ್ಣೆ ಅಥವಾ ತೆಳು ಎಣ್ಣೆ ಮತ್ತು ಅತಿ ನಯದ, ನಾಲ್ಕು ಸೊನ್ನೆಯ ಗುರುತಿನ ಉಕ್ಕಿನ ಉಣ್ಣೆ ಸಾಕು. ಎಣ್ಣೆ ಹಚ್ಚಿ ಕೆಲವು ಗಂಟೆ ನೆನೆಯಬಿಟ್ಟು, ಉದ್ದಕ್ಕೆ ಹಗುರವಾಗಿ ಉಜ್ಜಿದರೆ ಕೆಂಪು ತುಕ್ಕು ಬಿಡುತ್ತದೆ, ಅಡಿಯಲ್ಲಿರುವ ಹಳೆಯ ಕಪ್ಪು ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ. ಹುಣಸೆಹಣ್ಣು, ಕೊಡಗಿನ ಅಡುಗೆಯ ಕಾಚಂಪುಳಿ ಮುಂತಾದ ಹುಳಿಗಳಿಂದ ತಿಕ್ಕಿ ಫಳಫಳ ಮಾಡುವವರಿದ್ದಾರೆ. ಆಮ್ಲವು ತುಕ್ಕಿನ ಜೊತೆಗೆ ಕಪ್ಪು ಬಣ್ಣವನ್ನೂ ತೆಗೆದು ಉಕ್ಕನ್ನು ಬೆತ್ತಲೆ ಮಾಡುತ್ತದೆ, ಒಂದೇ ಮಳೆಗಾಲದಲ್ಲಿ ಮೊದಲಿಗಿಂತ ಹೆಚ್ಚಿನ ತುಕ್ಕು ಬರುತ್ತದೆ. ಕಾಚಂಪುಳಿ ಹಂದಿಮಾಂಸದ ಪಂದಿಕರಿಗೇ ಇರಲಿ. ಉಪ್ಪುಕಾಗದವನ್ನೂ ಕರೆಂಟಿನ ಬಫಿಂಗ್ ಚಕ್ರವನ್ನೂ ದೂರವಿಡಬೇಕು, ಏಕೆಂದರೆ ಅವು ಅಂಚುಗಳನ್ನು ಸವೆಸುವುದಲ್ಲದೆ ಸಂಖ್ಯೆಗಳನ್ನೂ ಅಳಿಸುತ್ತವೆ. ಕೋವಿಯ ಗುರುತಿನ ಸಂಖ್ಯೆಯನ್ನು ಅಳಿಸುವುದು ಆಯುಧ ಕಾಯಿದೆಯ ಕೆಳಗೆ ಅಪರಾಧ, ಅದು ಹೊಳಪಿಗಾಗಿ ಉಜ್ಜಿದಾಗ ಹೋಯಿತು ಎಂಬ ವಿವರಣೆ ಯಾರಿಗೂ ರುಚಿಸುವುದಿಲ್ಲ.

ಕಪ್ಪು ಬಣ್ಣ ಪೂರ್ತಿ ಹೋಗಿದ್ದರೆ ಮರಳಿ ಕೊಡಿಸುವುದು ರಿಪೇರಿಯವರ ಕೆಲಸ. ಅದರ ಹಳೆಯ ಕ್ರಮ ನಮ್ಮ ಹವೆಗೆ ಹೇಳಿ ಮಾಡಿಸಿದಂತಿದೆ. ಉಕ್ಕಿನ ಮೇಲೆ ದ್ರಾವಣವನ್ನು ತೆಳುವಾಗಿ ಸವರಿ ತೇವದ ಗಾಳಿಯಲ್ಲಿ ಉದ್ದೇಶಪೂರ್ವಕವಾಗಿ ನವಿರಾದ ತುಕ್ಕು ಬರಿಸುತ್ತಾರೆ. ಅದನ್ನು ನೀರಿನಲ್ಲಿ ಕುದಿಸಿದಾಗ ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ ಮಾರ್ಪಡುತ್ತದೆ. ಮೇಲಿನ ಸಡಿಲ ಪುಡಿಯನ್ನು ಉಜ್ಜಿ ತೆಗೆದು, ಬಣ್ಣ ಗಾಢವಾಗುವ ತನಕ ಇದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಈಗ ಹೆಚ್ಚು ಬಳಕೆಯಲ್ಲಿರುವ ಕಾಸ್ಟಿಕ್ ಸೋಡಾದ ಬಿಸಿ ತೊಟ್ಟಿಯ ವಿಧಾನ ರೈಫಲಿಗೆ ಸರಿಯಾದೀತು, ಜೋಡಿ ನಳಿಗೆಯ ಕೋವಿಗೆ ಮಾತ್ರ ಎಂದಿಗೂ ಆಗದು. ಎರಡು ನಳಿಗೆಗಳನ್ನು ಬೆಸೆದಿರುವ ಸೀಸದ ಬೆಸುಗೆಯನ್ನು ಆ ದ್ರಾವಣ ತಿನ್ನುತ್ತದೆ. ಕೋವಿಯನ್ನು ಕೊಡುವ ಮೊದಲು ಯಾವ ಕ್ರಮದಿಂದ ಬಣ್ಣ ಕೊಡುತ್ತೀರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮರ

ಮನೆಯವರ ಕೈಗೆ ನಿಜವಾಗಿ ಸಲ್ಲುವ ಕೆಲಸ ಇದು, ಮತ್ತು ಕೋವಿಯ ರೂಪ ಹೆಚ್ಚು ಬದಲಾಗುವುದೂ ಇಲ್ಲಿಯೇ. ಹಳೆಯ ಮರದ ಮೇಲೆ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ: ಕೈಯ ಬೆವರು ಮತ್ತು ಹೊಗೆಯ ಮಸಿ, ಅದರ ಕೆಳಗೆ ಯಾರೋ ಹಿರಿಯರು ಹಬ್ಬಕ್ಕೆಂದು ಬಳಿದ ವಾರ್ನಿಷು, ಎಲ್ಲಕ್ಕಿಂತ ಕೆಳಗೆ ಕಾರ್ಖಾನೆಯ ಅಗಸೆ ಎಣ್ಣೆ. ಮೊದಲು ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಹಿಂಡಿದ ಬಟ್ಟೆಗೆ ಸ್ವಲ್ಪ ಸೋಪು ಹಚ್ಚಿ ಮಸಿಯನ್ನು ತೆಗೆಯಬೇಕು. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ವಾರ್ನಿಷು ಬಿರುಕು ಬಿಟ್ಟು ಸಿಪ್ಪೆಯೇಳುತ್ತಿದ್ದರೆ ಮಾತ್ರ ಬಣ್ಣದಂಗಡಿಯಲ್ಲಿ ಸಿಗುವ ಪೇಂಟ್ ರಿಮೂವರಿನಿಂದ ಅದನ್ನು ಮೆತ್ತಗೆ ಮಾಡಿ ಒರಟು ಬಟ್ಟೆಯಿಂದ ಒರೆಸಬೇಕು. ಮರವನ್ನು ಕೆರೆದರೆ ಅಥವಾ ಉಪ್ಪುಕಾಗದದಿಂದ ಉಜ್ಜಿದರೆ ಕಾರ್ಖಾನೆಯ ಮುದ್ರೆಗಳು ಅಳಿಯುತ್ತವೆ. ಅದಕ್ಕಿಂತ ಮುಖ್ಯವಾಗಿ ಮರವು ಲೋಹಕ್ಕಿಂತ ತಗ್ಗಾಗಿ, ಕೂಡುವ ಕಡೆಗಳಲ್ಲೆಲ್ಲ ಉಕ್ಕಿನ ಅಂಚು ಎದ್ದು ಕಾಣುತ್ತದೆ. ಅನುಭವವಿಲ್ಲದವರು ಮುಟ್ಟಿದ ಕೋವಿಯನ್ನು ಇದೊಂದರಿಂದಲೇ ದೂರದಿಂದ ಗುರುತಿಸಬಹುದು.

ಲೋಹಕ್ಕೆ ಹಾಕಿದ ಎಣ್ಣೆ ವರ್ಷಗಟ್ಟಲೆ ಇಳಿದು ಹಿಡಿಯ ಬಳಿಯ ಮರ ಕಪ್ಪಾಗಿ ಮೆತ್ತಗಾಗಿದ್ದರೆ, ಸೀಮೆಸುಣ್ಣದ ಪುಡಿಯನ್ನು ಥಿನ್ನರಿನಲ್ಲಿ ಕಲಸಿ ಆ ಜಾಗಕ್ಕೆ ದಪ್ಪಗೆ ಮೆತ್ತಿ ಒಣಗಲು ಬಿಡಬೇಕು. ಥಿನ್ನರು ಆರಿದಂತೆ ಒಳಗಿನ ಎಣ್ಣೆ ಪುಡಿಗೆ ಏರಿ ಬರುತ್ತದೆ. ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಇದನ್ನು ಮಾಡಬೇಕು. ಕಲೆ ಹೋಗುವ ತನಕ ಎರಡು ಮೂರು ಬಾರಿ ಬೇಕಾದೀತು. ತಗ್ಗಾದ ಪೆಟ್ಟುಗಳಿಗೆ ಒದ್ದೆ ಬಟ್ಟೆಯನ್ನು ಮಡಿಸಿಟ್ಟು ಮೇಲೆ ಇಸ್ತ್ರಿ ಪೆಟ್ಟಿಗೆಯ ತುದಿಯನ್ನು ಒತ್ತಿದರೆ, ಆವಿಗೆ ಅದುಮಿಹೋದ ನಾರು ಉಬ್ಬಿ ಬಹುತೇಕ ಸಮಕ್ಕೆ ಬರುತ್ತದೆ. ಕತ್ತರಿಸಿಹೋದ ನಾರು ಹೀಗೆ ಏಳುವುದಿಲ್ಲ.

ಇನ್ನು ಬಿರುಕಿನ ವಿಷಯ. ಮುಂಭಾಗದ ಮರದ ಹಿಂತುದಿ, ಅಂದರೆ ರಿಸೀವರಿಗೆ ಒತ್ತಿ ಕೂರುವ ಎರಡು ಮೂಲೆಗಳು, ಲೀ-ಎನ್‌ಫೀಲ್ಡಿನ ಮರ್ಮಸ್ಥಾನ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲವನ್ನು ಈ ಮೂಲೆಗಳು ಹೊರುತ್ತವೆ. ಅಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೂ ಒತ್ತಡ ಒಂದೇ ಕಡೆ ಬಿದ್ದು ಮರ ಸೀಳುತ್ತದೆ, ಗುರಿಯೂ ದಿನಕ್ಕೊಂದು ರೀತಿಯಾಗುತ್ತದೆ. ಸಣ್ಣ ಸೀಳಿಗೆ ಎಪಾಕ್ಸಿ ಅಂಟನ್ನು ಒಳಗಿಳಿಸಿ ಬಿಗಿದು ಕಟ್ಟಿ ಎರಡು ದಿನ ಬಿಟ್ಟರೆ ಸಾಕು. ಮೂಲೆ ಸವೆದುಹೋಗಿದ್ದರೆ ಅಲ್ಲಿಗೆ ಗಟ್ಟಿ ಮರದ ಚಿಕ್ಕ ತುಂಡನ್ನು ಅಳತೆಗೆ ಕೂರಿಸಬೇಕು, ಅದನ್ನು ಬಲ್ಲವರೇ ಮಾಡಬೇಕು. ಬೀಟೆಮರ ನಮ್ಮ ಹೆಮ್ಮೆಯೆಂದು ಪೂರ್ತಿ ಮರವನ್ನೇ ಬೀಟೆಯಲ್ಲಿ ಮಾಡಿಸಲು ಹೊರಡುವವರಿಗೆ ಒಂದು ಮಾತು: ಬೀಟೆ ನೋಡಲು ಚೆಂದ, ಆದರೆ ತೂಕ ಹೆಚ್ಚು, ತನ್ನಲ್ಲೇ ಎಣ್ಣೆಯಂಶವಿರುವುದರಿಂದ ಅಂಟೂ ಅಗಸೆ ಎಣ್ಣೆಯೂ ಸುಲಭವಾಗಿ ಹಿಡಿಯುವುದಿಲ್ಲ. ತುಂಡಿನ ಜೋಡಣೆಗೆ ಹಳೆಯ ಪೀಠೋಪಕರಣದ ಚೆನ್ನಾಗಿ ಒಣಗಿದ ಮರವೇ ಮೇಲು.

ಕೊನೆಯ ಲೇಪ ಅಗಸೆ ಎಣ್ಣೆ. ಹಸಿ ಎಣ್ಣೆ ಆಳಕ್ಕಿಳಿಯುತ್ತದೆ, ಆದರೆ ಒಣಗಲು ಬಹಳ ದಿನ ಬೇಕು. ಬಣ್ಣದಂಗಡಿಯ ‘ಡಬಲ್ ಬಾಯಿಲ್ಡ್’ ಎಣ್ಣೆ ಬೇಗ ಒಣಗುತ್ತದೆ. ಮೊದಲ ಒಂದೆರಡು ಲೇಪ ಹಸಿ ಎಣ್ಣೆಗೆ ಸ್ವಲ್ಪ ಟರ್ಪಂಟೈನ್ ಬೆರೆಸಿದ್ದು, ಮುಂದಿನವು ಕುದಿಸಿದ್ದು, ಹೀಗೆ ಮಾಡಿದರೆ ಎರಡರ ಗುಣವೂ ಸಿಗುತ್ತದೆ. ಕೆಲವೇ ಹನಿಗಳನ್ನು ಅಂಗೈಯಲ್ಲಿ ತೆಗೆದುಕೊಂಡು ಮರ ಬೆಚ್ಚಗಾಗುವಷ್ಟು ಉಜ್ಜಬೇಕು, ಅರ್ಧ ಗಂಟೆಯ ನಂತರ ಮೇಲುಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು, ಚೆನ್ನಾಗಿ ಒಣಗಿದ ಮೇಲಷ್ಟೇ ಮುಂದಿನ ಲೇಪ. ಒರೆಸದೆ ಬಿಟ್ಟ ಎಣ್ಣೆ ಬೆಲ್ಲದ ಪಾಕದಂತೆ ಅಂಟಾಗಿ ಧೂಳನ್ನು ಹಿಡಿಯುತ್ತದೆ. ಮರದ ಒಳಮೈಗೂ, ಹಿಂಬದಿಯ ಲೋಹದ ತಟ್ಟೆಯ ಅಡಿಗೂ ಎಣ್ಣೆ ಕೊಡಲು ಮರೆಯಬಾರದು. ಮಳೆಗಾಲದ ತೇವ ಒಳನುಗ್ಗುವುದು ಆ ಅಡ್ಡನಾರಿನ ಕಡೆಯಿಂದಲೇ. ಅಗಸೆ ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ಒಣಗುವಾಗ ಹುಟ್ಟುವ ಬಿಸಿಗೆ ತಾನಾಗಿಯೇ ಬೆಂಕಿ ಹತ್ತಬಹುದು. ಒಂದೊಂದಾಗಿ ಹೊರಗೆ ಹರಡಿ ಒಣಗಿಸಬೇಕು, ಅಥವಾ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಬೇಕು.

ಮೈಗೆ ಹೊಂದಿಸುವುದು ಮತ್ತು ಗುರಿ

ಹಿರಿಯರ ಕೋವಿ ಮೊಮ್ಮಕ್ಕಳ ಭುಜಕ್ಕೆ ಹೊಂದದಿರುವುದು ಸಾಮಾನ್ಯ. ಮೊಣಕೈಯನ್ನು ಮಡಿಸಿ ಕೋವಿಯ ಹಿಂತುದಿಯನ್ನು ಅದರ ಒಳಮಡಿಕೆಗೆ ಆನಿಸಿದಾಗ ತೋರುಬೆರಳಿನ ಮೊದಲ ಗೆಣ್ಣು ಕುದುರೆಯ ಮೇಲೆ ಕುಳಿತರೆ ಉದ್ದ ಸುಮಾರಾಗಿ ಸರಿಯಿದೆ ಎನ್ನಬಹುದು. ಸೇನೆಯವರು ಇದಕ್ಕಾಗಿಯೇ ಲೀ-ಎನ್‌ಫೀಲ್ಡಿನ ಹಿಂಭಾಗದ ಮರವನ್ನು ಗಿಡ್ಡ, ಸಾಧಾರಣ, ಉದ್ದ ಎಂದು ಅರ್ಧರ್ಧ ಇಂಚಿನ ವ್ಯತ್ಯಾಸದಲ್ಲಿ ಮಾಡಿಸುತ್ತಿದ್ದರು. ಗಿಡ್ಡದ್ದಕ್ಕೆ ಎಸ್, ಉದ್ದದ್ದಕ್ಕೆ ಎಲ್ ಗುರುತು ಮರದ ಮೇಲಿರುತ್ತದೆ. ಉದ್ದ ಸಾಲದಿದ್ದರೆ ಜಾರಿಸಿ ತೊಡಿಸುವ ರಬ್ಬರಿನ ಪ್ಯಾಡು ಎಲ್ಲಕ್ಕಿಂತ ಒಳ್ಳೆಯ ಪರಿಹಾರ. ಒದೆತವನ್ನೂ ತಗ್ಗಿಸುತ್ತದೆ, ಬೇಡವಾದಾಗ ತೆಗೆಯಲೂ ಬರುತ್ತದೆ. ಉದ್ದ ಹೆಚ್ಚಾದರೆ ಮೂಲ ಮರವನ್ನು ಕತ್ತರಿಸುವ ಬದಲು ಬೇರೆಯೇ ಮರವನ್ನು ಮಾಡಿಸಿ ಮೂಲದ್ದನ್ನು ಎತ್ತಿಡಬೇಕು. ದುರ್ಬೀನು ಕೂರಿಸಲು ರಿಸೀವರಿಗೆ ತೂತು ಕೊರೆಸುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ: ತೆಂಗಿನಕಾಯಿಯನ್ನು ಹೊಡೆಯಲು ದುರ್ಬೀನು ಬೇಕೆನ್ನುವವರು ಸ್ಪರ್ಧೆಯನ್ನೇ ಬಿಡಬಹುದು.

ಗುರಿ ಒಂದೇ ಕಡೆಗೆ ತಪ್ಪುತ್ತಿದ್ದರೆ ಮಕ್ಷಿಕೆಯನ್ನು, ಅಂದರೆ ನಳಿಗೆಯ ಬಾಯಿಯ ಬಳಿಯ ಮುಂದಿನ ಗುರಿಕಟ್ಟನ್ನು, ಸರಿಸಬೇಕಾಗುತ್ತದೆ, ಅದು ಗುಂಡು ತಪ್ಪುವ ದಿಕ್ಕಿಗೇ ಸರಿಯಬೇಕು. ಗುಂಡು ಎಡಕ್ಕೆ ಹೋಗುತ್ತಿದ್ದರೆ ಮಕ್ಷಿಕೆ ಎಡಕ್ಕೆ. ಕೆಳಗೆ ಬೀಳುತ್ತಿದ್ದರೆ ಮಕ್ಷಿಕೆಯ ಎತ್ತರ ಕಡಿಮೆಯಾಗಬೇಕು. ಎಷ್ಟು ಎಂಬುದಕ್ಕೆ ಲೆಕ್ಕವಿದೆ: ಹಿಂದಿನ ಮತ್ತು ಮುಂದಿನ ಗುರಿಕಟ್ಟುಗಳ ನಡುವಿನ ಅಂತರವನ್ನು ತಪ್ಪಿದ ಅಳತೆಯಿಂದ ಗುಣಿಸಿ ಗುರಿಯ ದೂರದಿಂದ ಭಾಗಿಸಬೇಕು. ಅಂತರ 500 ಮಿಲಿಮೀಟರಿದ್ದು 50 ಮೀಟರಿನಲ್ಲಿ ಗುಂಡು 100 ಮಿಲಿಮೀಟರು ತಪ್ಪಿದರೆ ಸರಿಸಬೇಕಾದದ್ದು 1 ಮಿಲಿಮೀಟರು ಮಾತ್ರ. ಈ ಲೆಕ್ಕವನ್ನು ಬರೆದುಕೊಂಡು ಹೋದರೆ ರಿಪೇರಿಯವರು ಊಹೆಯಿಂದ ಅರವನ್ನು ಹಿಡಿಯುವುದು ತಪ್ಪುತ್ತದೆ. ಪರೀಕ್ಷೆಯ ಗುಂಡುಗಳನ್ನು ಅನುಮತಿಯಿರುವ ರೇಂಜಿನಲ್ಲಿಯೇ ಹಾರಿಸಬೇಕು; ರೈಫಲಿನ ಗುಂಡು ಕಿಲೋಮೀಟರುಗಟ್ಟಲೆ ಹೋಗಬಲ್ಲದು, ತೋಟದ ಆಚೆಗಿನ ಕಾರ್ಮಿಕರ ಲೈನ್‌ಮನೆಯಲ್ಲಿ ಜನರಿರುತ್ತಾರೆ.

ಇಡುವುದು

ತೊಗಲಿನ ಚೀಲದಲ್ಲಿ ಕೋವಿಯನ್ನು ಒಯ್ಯಬಹುದು, ಅದರಲ್ಲಿ ಇಡಬಾರದು. ತೊಗಲು ತೇವವನ್ನೂ ಹದ ಮಾಡಿದ ರಾಸಾಯನಿಕವನ್ನೂ ಹಿಡಿದಿಟ್ಟುಕೊಂಡು ಉಕ್ಕಿಗೆ ದಾಟಿಸುತ್ತದೆ. ಪ್ಲಾಸ್ಟಿಕ್ ಚೀಲವೂ ಒಳಗಿನ ತೇವ ಹೊರಹೋಗದಂತೆ ತಡೆಯುತ್ತದೆ. ಬೀಗವಿರುವ ಕಬ್ಬಿಣದ ಬೀರು, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಹೊರಗೋಡೆಗೆ ತಾಗದ ಜಾಗ, ಇಷ್ಟಿದ್ದರೆ ಮಳೆಗಾಲ ಕಳೆಯುತ್ತದೆ. ಸಿಲಿಕಾ ಜೆಲ್ಲನ್ನು ಆಗಾಗ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಬೇಕು. ಕೊಬ್ಬರಿ ಎಣ್ಣೆಯನ್ನು ಲೋಹಕ್ಕೆ ಹಾಕುವ ರೂಢಿಯನ್ನು ಬಿಡಬೇಕು. ಅದು ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಆಗಸ್ಟಿನಲ್ಲಿ ಬೋಲ್ಟು ಬಿಗಿದು ನಿಲ್ಲಲು ಅದೇ ಕಾರಣವಾಗುತ್ತದೆ. ಹೆಚ್ಚಾಗಿ ಎಣ್ಣೆ ಹಾಕಿದ್ದರೆ ಕೆಲವು ದಿನ ಬಾಯಿ ಕೆಳಗಾಗಿ ನಿಲ್ಲಿಸಿದಾಗ ಎಣ್ಣೆ ಮರಕ್ಕಿಳಿಯದೆ ಹೊರಗೆ ಬರುತ್ತದೆ.

ಕೈಲ್‌ಪೊಳ್ದಿನಂದು ಗಂಧ, ಕುಂಕುಮ, ತೋಕ್ ಪೂ ಎಂಬ ಹೂವಿನ ಅಲಂಕಾರ ಎಲ್ಲವೂ ಆಗಲಿ, ಆದರೆ ಗಂಧದ ಬೊಟ್ಟು ಮರದ ಮೇಲಿರಲಿ, ಉಕ್ಕಿನ ಮೇಲೆ ಬೇಡ. ಒದ್ದೆ ಗಂಧ ಒಣಗಿ ಅಂಟಿಕೊಂಡ ಕಡೆ ಅದೇ ಆಕಾರದ ತುಕ್ಕು ಉಳಿದಿರುವುದನ್ನು ಬಹಳ ಕೋವಿಗಳ ಮೇಲೆ ಕಾಣಬಹುದು. ಪೂಜೆಯ ನಂತರ ಹೂವನ್ನು ತೆಗೆದು, ಎಲ್ಲರೂ ಮುಟ್ಟಿದ ಬೆವರಿನ ಗುರುತುಗಳು ಹೋಗುವಂತೆ ಎಣ್ಣೆಯ ಬಟ್ಟೆಯಿಂದ ಒರೆಸಿ, ಗುಂಡು ಹಾರಿಸಿದ್ದರೆ ಬಿಸಿನೀರಿನ ಕೆಲಸವನ್ನೂ ಅದೇ ಸಂಜೆ ಮುಗಿಸಿ, ಬೋಲ್ಟನ್ನು ಬೇರೆಯಾಗಿ ಬೀಗದೊಳಗಿಟ್ಟು ಬೀರುವನ್ನು ಮುಚ್ಚಬೇಕು.